ಫಕೀರವ್ವನ ಬೂಟು

ನಾನು ಎಂಟನೇ ನಂಬರಿನ ಒಂದು ಜೊತೆ ಕರಿ ಬೂಟು. ಜೊತೆ ಎಂದ ಮೇಲೆ ‘ನಾವು’ ಎನ್ನಬೇಕಿತ್ತು. ಆದರೆ ಎಡದ್ದೂ ಬಲದ್ದೂ ಒಂದು ದಿನವೂ ಬೇರೆ ದಾರಿ ಹಿಡಿದಿಲ್ಲ, ಹಾಗಾಗಿ ‘ನಾನು’ ಎಂದೇ ಹೇಳಿಕೊಳ್ಳುತ್ತೇನೆ. ವಯಸ್ಸಾದ ಸಾಮಾನುಗಳು ತಮ್ಮ ಕಥೆಯನ್ನು ಮೆತ್ತಗೆ, ಎಲ್ಲರನ್ನೂ ಕ್ಷಮಿಸಿಬಿಟ್ಟ ದನಿಯಲ್ಲಿ ಹೇಳುತ್ತವಂತೆ. ನನ್ನಿಂದ ಅದು ಆಗದು. ನನಗೆ ಸಿಟ್ಟಿದೆ. ಸಿಟ್ಟಿನಲ್ಲೇ ಹೇಳುತ್ತೇನೆ. ಆದರೆ ನಡೆದದ್ದನ್ನಷ್ಟೇ ಹೇಳುತ್ತೇನೆ.

ನಾನು ಹುಟ್ಟಿದ್ದು ಬೆಂಗಳೂರಿನ ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಅರುಳಪ್ಪ ಎಂಬ ಮುದುಕನ ಕೈಯಲ್ಲಿ. ಅವನ ಅಂಗಡಿ ಅಂದರೆ ಎರಡು ಗೋಡೆಯ ನಡುವೆ ಬಿಟ್ಟ ಸಂದು, ಮೇಲೊಂದು ತಗಡು. ಮರದ ಅಚ್ಚಿನ ಮೇಲೆ ಒದ್ದೆ ಚರ್ಮ ಎಳೆದು, ಮೇಣ ತಿಕ್ಕಿದ ದಾರದಲ್ಲಿ ಆರು ದಿನ ಹೊಲಿದ. ಹಿಮ್ಮಡಿಗೆ ಚರ್ಮದ ಮೇಲೆ ಚರ್ಮ ಪೇರಿಸಿ, ತುದಿಗೆ ಕುದುರೆಗೆ ಹೊಡೆದ ಹಾಗೆ ಕಬ್ಬಿಣದ ಲಾಳ ಹೊಡೆದ. ಕೊನೆಗೆ ನನ್ನನ್ನು ಕಲ್ಲಿನ ಮೇಲೆ ಒಮ್ಮೆ ಕುಟ್ಟಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿದ. ಅವನು ಕೇಳಿದ್ದೇನೆಂದು ನನಗೆ ಆಗ ತಿಳಿಯಲಿಲ್ಲ.

ನನ್ನನ್ನು ಮಾಡಿಸಿಕೊಂಡವನು ಒಂದು ಬಟ್ಟೆ ಮಿಲ್ಲಿನ ಸೂಪರ್‌ವೈಸರ್ ಶಾಮಣ್ಣ. ಲಾಳ ಬೇಕೆಂದು ಕೇಳಿದ್ದು ಅವನೇ. ತಾನು ಬರುವುದು ದೂರದಿಂದಲೇ ಕೇಳಬೇಕು, ಕೇಳಿದವರ ಬೆನ್ನು ನೆಟ್ಟಗಾಗಬೇಕು, ಇದು ಅವನ ಲೆಕ್ಕ. ಹನ್ನೆರಡು ವರ್ಷ ಮಗ್ಗಗಳ ಸಾಲಿನ ನಡುವೆ ಅವನನ್ನು ಹೊತ್ತು ನಡೆದೆ. ನೆಲದ ಮಟ್ಟದಿಂದ ನನಗೆ ಕಾಣುತ್ತಿದ್ದುದು ಬರಿಗಾಲುಗಳು. ನನ್ನ ಸದ್ದು ಕೇಳಿದ ಕೂಡಲೇ ಆ ಕಾಲುಗಳ ಬೆರಳು ಮಡಚಿಕೊಳ್ಳುತ್ತಿದ್ದವು. ಒಂದು ದಿನ ಶಾಮಣ್ಣ ಒಬ್ಬ ಹೆಂಗಸಿನ ಊಟದ ಡಬ್ಬಿಯನ್ನು ದಾರಿಗೆ ಅಡ್ಡ ಇದೆಯೆಂದು ಒದ್ದ. ಒದ್ದದ್ದು ಅವನು, ಅನ್ನ ಮೆತ್ತಿದ್ದು ನನ್ನ ಮೂತಿಗೆ. ಆ ಹೆಂಗಸು ಬಗ್ಗಿ, ಚೆಲ್ಲಿದ್ದನ್ನು ಬಳಿದುಕೊಳ್ಳುತ್ತ ನನ್ನನ್ನೇ ದುರುಗುಟ್ಟಿ ನೋಡಿದಳು. ನನ್ನ ಮೊದಲ ಸಿಟ್ಟು ಅದು.

ಮಿಲ್ಲು ಮುಚ್ಚಿತು. ಶಾಮಣ್ಣ ಸತ್ತ ಮೇಲೆ ಮನೆಯವರು ನನ್ನನ್ನು ಹಳೇ ಸಾಮಾನಿನ ಗಾಡಿಗೆ ಹಾಕಿದರು. ಅಲ್ಲಿಂದ ನಾನು ಬಂದು ಬಿದ್ದದ್ದು ಭಾನುವಾರದ ಬಜಾರಿನಲ್ಲಿ, ಬಾಷಾ ಸಾಬ್ ಎಂಬಾತ ನೆಲದ ಮೇಲೆ ಹಾಸಿದ ಗೋಣಿತಟ್ಟಿನ ಮೇಲೆ.

ಫಕೀರವ್ವ ನನ್ನನ್ನು ಕಂಡದ್ದು ಅಲ್ಲಿ. ಕಂಡದ್ದು ಎನ್ನುವುದು ತಪ್ಪು, ಕೇಳಿದ್ದು. ಮೂವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಹೆಂಗಸು. ಹಣೆಯಲ್ಲಿ ಕಾಸಿನಗಲ ಕುಂಕುಮ. ಹತ್ತಾರು ಜೊತೆ ಬೂಟುಗಳನ್ನು ಒಂದೊಂದಾಗಿ ಎತ್ತಿ, ಫುಟ್‌ಪಾತಿನ ಕಲ್ಲಿಗೆ ಹಿಮ್ಮಡಿ ಕುಟ್ಟಿ, ಕಣ್ಣು ಮುಚ್ಚಿ ಕೇಳಿ, ಬದಿಗಿಡುತ್ತಿದ್ದಳು. ನನ್ನ ಸರದಿ ಬಂದಾಗ ಎರಡು ಸಲ ಕುಟ್ಟಿದಳು. ಮೂರನೇ ಸಲ ನಿಧಾನವಾಗಿ, ಹಿಮ್ಮಡಿ ಮೊದಲು, ಆಮೇಲೆ ಮುಂಗಾಲು, ಒಬ್ಬ ಗಂಡಸು ನಿಂತು ಹೆಜ್ಜೆ ಇಟ್ಟ ಹಾಗೆ.

“ಯಾರಿಗಮ್ಮಾ? ಯಜಮಾನ್ರಿಗಾ? ಅವ್ರ ಕಾಲ್ ಸೈಜ್ ಏನು?” ಎಂದ ಬಾಷಾ ಸಾಬ್.

“ನನಗೇ ಬೇಕ್ರಿ.”

“ನಿಮಗೆ ದೊಡ್ಡದಾಗ್ತದಲ್ಲಮ್ಮಾ!”

“ಕಾಲಿಗೆ ದೊಡ್ಡದಾಗತೈತಿ. ಸಪ್ಪಳಕ್ಕ ಬರೋಬರಿ ಐತಿ,” ಎಂದು ಅವಳು ನನ್ನನ್ನು ಚೀಲಕ್ಕೆ ಹಾಕಿಕೊಂಡಳು.

ಫಕೀರವ್ವ ಮುಳಗುಂದದ ಕಡೆಯವಳು. ಅವಳ ಅಪ್ಪ ಯಲ್ಲಪ್ಪ ನಾಟಕ ಕಂಪನಿಯಲ್ಲಿ ಪರದೆಯ ಹಿಂದಿನ ಮನುಷ್ಯ. ತಗಡು ಅಲುಗಾಡಿಸಿ ಗುಡುಗು ಹುಟ್ಟಿಸುವುದು, ತೆಂಗಿನ ಚಿಪ್ಪು ಕುಟ್ಟಿ ಕುದುರೆ ಓಡಿಸುವುದು, ಮೊರದಲ್ಲಿ ಕಡಲೆ ಉರುಳಿಸಿ ಮಳೆ ಸುರಿಸುವುದು ಅವನ ಕೆಲಸ. ಮಗಳು ಅವನ ಪಕ್ಕ ಕೂತೇ ಬೆಳೆದವಳು. ಕಂಪನಿ ಒಡೆದು ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿಗೆ ಬಂದು, ಸುಸ್ವರ ಎಂಬ ಸ್ಟುಡಿಯೋದಲ್ಲಿ ಸಿನಿಮಾಕ್ಕೆ ಸದ್ದು ಮಾಡುವ ಕೆಲಸ ಹಿಡಿದಿದ್ದಳು. ಶ್ರೀರಾಮಪುರದ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಒಬ್ಬಳೇ ಇದ್ದವರು ಸಾಮಾನುಗಳೊಡನೆ ಮಾತಾಡುತ್ತಾರೆ. ನನಗೆ ಗೊತ್ತಿರುವುದರಲ್ಲಿ ಅರ್ಧ, ಪಾಲಿಷ್ ತಿಕ್ಕುತ್ತ ಅವಳು ಹೇಳಿಕೊಂಡದ್ದು.

ಸುಸ್ವರದ ಎಫೆಕ್ಟ್ಸ್ ಕೋಣೆ ನೆಲಮಾಳಿಗೆಯಲ್ಲಿತ್ತು. ನೆಲವನ್ನು ಚೌಕ ಚೌಕವಾಗಿ ಹಂಚಿದ್ದರು. ಒಂದರಲ್ಲಿ ಕಡಪ ಕಲ್ಲು, ಒಂದರಲ್ಲಿ ಮರದ ಹಲಗೆ, ಒಂದರಲ್ಲಿ ಮರಳು, ಇನ್ನೊಂದರಲ್ಲಿ ಕೆಟ್ಟುಹೋದ ಟೇಪಿನ ಸುರುಳಿಗಳ ರಾಶಿ. ಆ ಟೇಪಿನ ಮೇಲೆ ನಡೆದರೆ ಹುಲ್ಲಿನ ಮೇಲೆ ನಡೆದ ಸದ್ದು ಬರುತ್ತಿತ್ತು. ಎದುರಿಗೆ ಪರದೆ, ನೆಲಕ್ಕೆ ಬಾಗಿದ ಮೈಕು, ಗಾಜಿನಾಚೆ ರೆಕಾರ್ಡಿಂಗ್ ಯಂತ್ರ. ಯಂತ್ರದ ಮುಂದೆ ಮರಿಸ್ವಾಮಿ ಎಂಬ ಮಿತಮಾತಿನ ಮನುಷ್ಯ. ಅವನ ಹಿಂದೆ, ಕುರ್ಚಿಯಲ್ಲಿ, ಸ್ಟುಡಿಯೋದ ಮಾಲೀಕ ಜಯತೀರ್ಥ. ಯಾವಾಗಲೂ ನಗುಮುಖ. ಕೆಳಗಿನಿಂದ ನೋಡುವವರಿಗೆ ಮನುಷ್ಯರ ನಗು ಅಷ್ಟಾಗಿ ಕಾಣದು, ಕಾಲು ಕಾಣುತ್ತದೆ. ಜಯತೀರ್ಥನ ಕಾಲು, ಅವನು ನಗುತ್ತಿರುವಾಗಲೂ, ಅಸಹನೆಯಿಂದ ನೆಲ ತಟ್ಟುತ್ತಲೇ ಇರುತ್ತಿತ್ತು.

ಅಲ್ಲಿಗೆ ಬರುತ್ತಿದ್ದುದೆಲ್ಲ ಕಡಿಮೆ ಖರ್ಚಿನ ಚಿತ್ರಗಳು. ಬಾಡಿಗೆ ಕ್ಯಾಮೆರಾ ಗರಗರ ಎನ್ನುತ್ತದೆ, ಶೂಟಿಂಗ್ ಜಾಗದಲ್ಲಿ ಸದ್ದು ಹಿಡಿಯಲು ಆಗದು. ಹಾಗಾಗಿ ಚಿತ್ರ ಮೂಕವಾಗಿ ಬರುತ್ತಿತ್ತು. ಮಾತನ್ನು ನಟರು ಬಂದು ಸೇರಿಸುತ್ತಿದ್ದರು. ಉಳಿದದ್ದೆಲ್ಲ ಫಕೀರವ್ವ. ಏಟು ಬೀಳಬೇಕಾದರೆ ಒದ್ದೆ ಗೋಣಿಚೀಲಕ್ಕೆ ಗುದ್ದುತ್ತಿದ್ದಳು. ಬೆಂಕಿ ಹತ್ತಬೇಕಾದರೆ ಪ್ಲಾಸ್ಟಿಕ್ ಹಾಳೆ ಮುದುಡುತ್ತಿದ್ದಳು. ಹಕ್ಕಿ ಹಾರಬೇಕಾದರೆ ಕೊಡೆಯನ್ನು ಪಟಪಟ ಬಿಚ್ಚಿ ಮುಚ್ಚುತ್ತಿದ್ದಳು. ಮೂಳೆ ಮುರಿಯಬೇಕಾದರೆ ಮಾರ್ಕೆಟ್ಟಿನಿಂದ ಎಳೆಯ ಮೂಲಂಗಿ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಲಟಕ್ಕನೆ ಮುರಿಯುತ್ತಿದ್ದಳು. ಉಳಿದ ಮೂಲಂಗಿ ಸಂಜೆಯ ಸಾರಿಗೆ.

“ಖರೇ ಸಪ್ಪಳ ಪಿಚ್ಚರದಾಗ ಖರೇ ಅನಸೂದಿಲ್ಲ ಮರಿಸ್ವಾಮಿ. ಅದಕ್ಕ ಸುಳ್ಳ ಮಾಡಬೇಕು. ಛಲೋ ಸುಳ್ಳ ಮಾಡೂದು ಖರೇ ಮಾಡೂದಕ್ಕಿಂತ ಕಷ್ಟ,” ಎನ್ನುತ್ತಿದ್ದಳು.

ನನ್ನ ಕೆಲಸ ಹೀರೊಗಳ ಹೆಜ್ಜೆ. ಫಕೀರವ್ವ ಎರಡು ಜೊತೆ ಕಾಲುಚೀಲ ಹಾಕಿ, ನನ್ನ ಮೂತಿಗೆ ಅರಿವೆ ತುರುಕಿ, ಸೀರೆಯನ್ನು ಕಚ್ಚೆ ಕಟ್ಟಿ, ಬಳೆ ತೆಗೆದಿಟ್ಟು ಚೌಕಕ್ಕೆ ಇಳಿಯುತ್ತಿದ್ದಳು. ಪರದೆಯ ಮೇಲೆ ಕಾಲು ಕಾಣುವುದು ಅಪರೂಪ. ಅವಳು ಕಾಲು ನೋಡುತ್ತಲೂ ಇರಲಿಲ್ಲ. “ಹೆಗಲ ನೋಡಬೇಕ್ರಿ. ಹೆಗಲ ಇಳದಾಗ ಹೆಜ್ಜಿ ಬೀಳತೈತಿ,” ಎನ್ನುತ್ತಿದ್ದಳು.

ಹಾಗೆ ಪರದೆಗೆ ಬಂದ ಹೊಸ ಹೀರೊ ತೇಜಸ್ವರೂಪ್. ಮೊದಲ ಚಿತ್ರ. ಶೂಟಿಂಗಿನಲ್ಲಿ ಅವನ ಕಾಲಿಗೆ ಹೊಂದುವ ಬೂಟು ಸಿಗದೆ, ಕಾಲು ಫ್ರೇಮಿನ ಹೊರಗಿಟ್ಟು, ಹವಾಯಿ ಚಪ್ಪಲಿಯಲ್ಲೇ ನಡೆಸಿದ್ದರು. ಸಣ್ಣ ಸಣ್ಣ ಹೆಜ್ಜೆ, ಬಸ್ಸು ತಪ್ಪಿಹೋಗುವ ಗಡಿಬಿಡಿ. ಫಕೀರವ್ವ ಎರಡು ಸಲ ರೀಲು ನೋಡಿದಳು. ಅವನ ಎರಡು ಹೆಜ್ಜೆಗೆ ತನ್ನದೊಂದು ಹೆಜ್ಜೆ ಹಾಕಿದಳು. ಹಿಮ್ಮಡಿ ಇಟ್ಟು, ಒಂದು ಎಳೆ ತಡೆದು, ಮುಂಗಾಲು ಊರಿದಳು. ಟಕ್, ತಡೆ, ಟಪ್. ಪರದೆಯ ಮೇಲಿದ್ದ ಹುಡುಗ ನಮ್ಮೆದುರಿಗೇ ಗಂಡಸಾದ. ಗಾಜಿನಾಚೆ ಮರಿಸ್ವಾಮಿ ಎದ್ದು ನಿಂತುಬಿಟ್ಟಿದ್ದ.

ಚಿತ್ರ ನೂರು ದಿನ ಓಡಿತು. ತೇಜಸ್ವರೂಪ್ ಪರದೆಗೆ ಬರುವ ಮೊದಲು ನನ್ನ ಸದ್ದು ಬರುತ್ತಿತ್ತು, ಸದ್ದಿಗೇ ಶಿಳ್ಳೆ ಬೀಳುತ್ತಿತ್ತು. ಹುಡುಗರು ಬೂಟಿಗೆ ಲಾಳ ಹೊಡೆಸಿಕೊಂಡು ರಸ್ತೆಯಲ್ಲಿ ಹಾಗೆ ನಡೆದರು. ಪತ್ರಿಕೆಗಳು ‘ನಡಿಗೆಯ ನಾಯಕ’ ಎಂದು ಬರೆದವು. ಒಂದು ದಿನ ಆತನೇ ಸ್ಟುಡಿಯೋಕ್ಕೆ ಬಂದ. ಮರಿಸ್ವಾಮಿ ಖುಷಿಯಿಂದ, “ಸಾರ್, ನಿಮ್ ನಡಿಗೆ ಮಾಡೋರು ಇವರೇ,” ಎಂದು ಫಕೀರವ್ವನನ್ನು ತೋರಿಸಿದ. ಕಚ್ಚೆ ಸೀರೆ, ಕಾಲಲ್ಲಿ ನಾನು. ತೇಜಸ್ವರೂಪ್ ಅವಳ ಮುಖ ನೋಡಲಿಲ್ಲ, ನನ್ನನ್ನು ನೋಡಿದ. ಆಮೇಲೆ ಜಯತೀರ್ಥನ ಕಡೆ ತಿರುಗಿ, “ಇದು ಹೊರಗಡೆ ಹೋಗೋದು ಬೇಡ ಸಾರ್. ಜನ ನಗ್ತಾರೆ,” ಎಂದ.

ಅವನು ಹೋದ ಮೇಲೆ ಫಕೀರವ್ವ ಜಯತೀರ್ಥನನ್ನು ಕೇಳಿದಳು: “ಸಾಹೇಬ್ರ, ಟೈಟಲ್‌ದಾಗ ನನ್ನ ಹೆಸರ ಯಾವಾಗ ಬರತೈತ್ರಿ? ಇಪ್ಪತ್ತೆರಡು ಪಿಚ್ಚರ್ ಆದವು. ‘ಎಫೆಕ್ಟ್ಸ್, ಸುಸ್ವರ ಯೂನಿಟ್’ ಅಂತ ಬರತೈತಿ. ಯೂನಿಟ್ ಅಂದ್ರ ಯಾರ್ರಿ? ನಾ ಒಬ್ಬಾಕೀನೇ ಅಲ್ಲ?”

“ಹಾಕಿಸೋಣ ಫಕೀರಮ್ಮ, ಮುಂದಿನ ಚಿತ್ರಕ್ಕೆ ಹಾಕಿಸೋಣ. ನೀವೇ ಯೋಚನೆ ಮಾಡಿ, ಹೀರೊ ನಡಿಗೆ ಒಬ್ಬ ಹೆಂಗಸಿಂದು ಅಂತ ಗೊತ್ತಾದ್ರೆ ಆ ಹುಡುಗನ ಗತಿ ಏನು?” ಜಯತೀರ್ಥ ನಕ್ಕ. ಕಾಲು ನೆಲ ತಟ್ಟುತ್ತಿತ್ತು.

ಮುಂದಿನ ಚಿತ್ರ ಬಂತು. ಅದರ ಮುಂದಿನದೂ ಬಂತು. ಒಬ್ಬ ಮನುಷ್ಯನ ಮರ್ಯಾದೆಗೆ ಇನ್ನೊಬ್ಬಳ ಹೆಸರೇ ಕುತ್ತು ಎನ್ನುವ ನ್ಯಾಯವನ್ನು ನಾನು ವರ್ಷಗಟ್ಟಲೆ ಕೇಳಿದೆ. ಫಕೀರವ್ವ ಪ್ರತಿ ಚಿತ್ರಕ್ಕೂ ಕೇಳಿದಳು. ಕೇಳಿದ್ದು ಅವಳ ತಪ್ಪಲ್ಲ. ಕೇಳಿದ ಮೇಲೂ ನಡೆದಳಲ್ಲ, ಅದಕ್ಕೆ ನನಗೆ ಅವಳ ಮೇಲೂ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಆದರೆ ಅವಳಿಗೆ ಆ ಕೆಲಸ ಅಂದರೆ ಪ್ರಾಣ. ಸದ್ದು ಚಿತ್ರಕ್ಕೆ ಸರಿಯಾಗಿ ಕೂತ ಕ್ಷಣದಲ್ಲಿ ಅವಳ ಪಾದ ನನ್ನೊಳಗೆ ಹೇಗೆ ಹಗುರಾಗುತ್ತಿತ್ತು ಎನ್ನುವುದು ನನಗೆ ಮಾತ್ರ ಗೊತ್ತು.

ಆಮೇಲೆ ಕಂಪ್ಯೂಟರು ಬಂತು. ಜಯತೀರ್ಥ ಒಂದು ಬೆಳಿಗ್ಗೆ ಅವಳನ್ನು ಕರೆದು ಕಾಫಿ ತರಿಸಿ ಕೊಟ್ಟ. ಕಾಫಿ ತರಿಸಿದ್ದು ಅದೇ ಮೊದಲು.

“ನಿಮ್ಮ ಸೌಂಡ್‌ಗಳನ್ನೆಲ್ಲ ಒಂದ್ಸಲ ನೀಟಾಗಿ ರೆಕಾರ್ಡ್ ಮಾಡಿ ಇಟ್ಕೊಳ್ಳೋಣ ಫಕೀರಮ್ಮ. ನಾಳೆ ನಿಮಗೆ ಜ್ವರ ಬಂತು ಅಂದ್ರೆ ಕೆಲಸ ನಿಲ್ಲಬಾರದಲ್ಲ.”

“ನನಗ ಜ್ವರ ಬಂದಾಗ ನಾ ಬಂದೀನಲ್ರಿ.”

“ಅದಕ್ಕೇ. ಇನ್ನಾದ್ರೂ ಸ್ವಲ್ಪ ಆರಾಮಾಗಿರಿ ಅಂತ.”

ಒಂಬತ್ತು ದಿನ ನಡೆದೆವು. ಕಲ್ಲಿನ ಮೇಲೆ, ಮರದ ಮೇಲೆ, ಮರಳಲ್ಲಿ, ಕೆಸರಲ್ಲಿ. ಕುಡುಕನ ಹಾಗೆ, ಕಳ್ಳನ ಹಾಗೆ, ಸಾಲ ಕೇಳಲು ಬಂದವನ ಹಾಗೆ. ಪರದೆ ಖಾಲಿ. ಹೆಗಲು ನೋಡಲು ಯಾರೂ ಇರಲಿಲ್ಲ. ಫಕೀರವ್ವನಿಗೆ ಅದು ಇಷ್ಟವಾಗಲಿಲ್ಲ. “ಯಾರ ಹೆಜ್ಜಿ ಅಂತ ಗೊತ್ತಿಲ್ಲದ ಹೆಂಗ ನಡೀಲಿ?” ಎಂದು ಗೊಣಗುತ್ತಲೇ ನಡೆದಳು.

ಒಂಬತ್ತನೇ ದಿನ ಊಟದ ನಂತರ, ಎತ್ತರದಿಂದ ಹಾರಿ ಬೀಳುವ ಸದ್ದು. ಮೇಜಿನಿಂದ ಕಡಪ ಕಲ್ಲಿಗೆ ಹಾರಬೇಕು. ಹಾರಿದಳು. ಜಯತೀರ್ಥನ ದನಿ ಕೋಣೆಯ ಸ್ಪೀಕರಿನಲ್ಲಿ ಬಂತು: “ಇನ್ನೂ ತೂಕ ಬೇಕು.” ಮತ್ತೆ ಹಾರಿದಳು. “ಗಂಡಸು ಬಿದ್ದ ಹಾಗಿರ್ಲಿ.” ಮರಳಿನ ಚೀಲವನ್ನು ಎದೆಗೆ ಅವುಚಿಕೊಂಡು ಹಾರಿದಳು. ಹತ್ತು ಸಲ ಆಯಿತು. “ಸಾಹೇಬ್ರ, ಮಣಕಾಲು ಹಿಡಕೊಳ್ಳಾಕತ್ತೈತಿ,” ಎಂದಳು.

“ಒಂದೇ ಒಂದು ಫಕೀರಮ್ಮ. ಲಾಸ್ಟ್.”

ಹನ್ನೊಂದನೇ ಸಲ ನಾನು ಕಲ್ಲಿಗೆ ಮುಟ್ಟಿದಾಗ ಎಡಗಾಲು ಸರಿಯಾಗಿ ಊರಿತು. ಬಲಗಾಲು ಸ್ವಲ್ಪ ಓರೆಯಾಯಿತು. ಮೇಲೆ, ಅವಳ ಮೊಣಕಾಲಲ್ಲಿ, ಏನೋ ಲಟಕ್ಕೆಂದಿತು. ಆ ಸದ್ದು ಅವಳ ಕಾಲೊಳಗಿಂದ ಇಳಿದು ನನ್ನ ಅಟ್ಟೆಯವರೆಗೂ ಬಂತು. ಅವಳು ‘ಯವ್ವಾ’ ಎಂದು ಕಿರುಚಿ ಮರಳಿನ ಚೀಲದ ಮೇಲೆ ಬಿದ್ದಳು. ಗಾಜಿನಾಚೆ ಮರಿಸ್ವಾಮಿ ಎದ್ದದ್ದು ಕಂಡಿತು. ಸ್ಪೀಕರಿನಲ್ಲಿ ಜಯತೀರ್ಥನ ದನಿ ಕೇಳಿತು:

“ನಿಲ್ಲಿಸ್ಬೇಡ ಮರಿಸ್ವಾಮಿ. ಓಡ್ಲಿ, ಓಡ್ಲಿ.”

ಕಡೆಗೆ ಮರಿಸ್ವಾಮಿಯೇ ಓಡಿ ಬಂದು ನನ್ನ ಲೇಸು ಬಿಚ್ಚಿದ. ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ನನ್ನನ್ನು ರ್‍ಯಾಕಿನ ಮೇಲಿಟ್ಟರು.

ಗಾಜಿನಾಚೆ, ಯಂತ್ರದ ಪಕ್ಕದ ಆ ಕೆಳಸಾಲಿನಲ್ಲಿ ನಾನು ಎರಡು ವರ್ಷ ಕೂತೆ. ನನ್ನನ್ನು ಯಾರೂ ತೊಡಲಿಲ್ಲ, ಆದರೂ ನನ್ನ ಸದ್ದು ದಿನವೂ ಕೇಳುತ್ತಿತ್ತು. ಮರಿಸ್ವಾಮಿ ಬಟನ್ ಒತ್ತಿದರೆ ಫಕೀರವ್ವ ನಡೆಯುತ್ತಿದ್ದಳು. ಪೊಲೀಸನ ಕಾಲಿಗೂ ಅವಳೇ, ಶಾನುಭೋಗನ ಕಾಲಿಗೂ ಅವಳೇ. ಹೆಗಲು ಒಂದು ಕಡೆ, ಹೆಜ್ಜೆ ಒಂದು ಕಡೆ. ಅದನ್ನಾದರೂ ಸಹಿಸಿಕೊಂಡಿದ್ದೆ. ಒಂದು ದಿನ ಯಾವುದೋ ಹೊಡೆದಾಟದ ದೃಶ್ಯದಲ್ಲಿ ಹೀರೊ ರೌಡಿಯ ತೋಳು ತಿರುಚಿದಾಗ ಆ ಲಟಕ್ ಕೇಳಿತು. ಅದರ ಬೆನ್ನಿಗಿದ್ದ ‘ಯವ್ವಾ’ ಕತ್ತರಿಸಿದ್ದರು. ಮುರಿತ ಒಂದನ್ನೇ ಉಳಿಸಿಕೊಂಡಿದ್ದರು.

“ಎಷ್ಟು ಕ್ಲೀನಾಗಿದೆ ನೋಡಿ. ಎಲ್ಲೂ ಸಿಗಲ್ಲ ಇಂಥದ್ದು,” ಎಂದು ಜಯತೀರ್ಥ ಚಿತ್ರದವರಿಗೆ ಹೇಳಿದ.

ಅದು ಅವನ ಅಚ್ಚುಮೆಚ್ಚಿನ ಸದ್ದಾಯಿತು. ತೋಳು ಮುರಿದರೂ ಅದೇ, ಕತ್ತು ತಿರುಚಿದರೂ ಅದೇ. ಹಾಸ್ಯದ ಚಿತ್ರದಲ್ಲಿ ಯಾರೋ ದಪ್ಪ ಮನುಷ್ಯ ಮಂಚದ ಮೇಲೆ ಕೂತಾಗಲೂ ಅದೇ. ಅದಕ್ಕೆ ಕೋಣೆಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಮರಿಸ್ವಾಮಿ ನಗಲಿಲ್ಲ. ಆದರೂ ಅದೇ ಗುಂಡಿ ಒತ್ತುತ್ತ ಹೋದ. ನನಗೆ ಹಲ್ಲಿಲ್ಲ, ಇದ್ದಿದ್ದರೆ ಆ ದಿನ ಯಾರನ್ನಾದರೂ ಕಚ್ಚುತ್ತಿದ್ದೆ.

ಫಕೀರವ್ವ ಮತ್ತೆ ಬಂದದ್ದು ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಕೈಯಲ್ಲಿ ಕೋಲು, ಬಲಗಾಲು ಮಡಚುವುದಿಲ್ಲ. ಕುಂಟುತ್ತ ಮೆಟ್ಟಿಲಿಳಿದು ಬರುವ ಆ ಹೊಸ ಹೆಜ್ಜೆಯನ್ನು ಕೇಳಿ, ಯಾರೋ ಅಪರಿಚಿತರು ಎಂದುಕೊಂಡೆ. ಹದಿನೇಳು ವರ್ಷ ಹೊತ್ತವಳನ್ನು ನಾನೇ ಗುರುತಿಸಲಿಲ್ಲ. ಕೂತು ಮಾಡುವ ಕೆಲಸ ಏನಾದರೂ ಇದ್ದರೆ ಕೊಡಿ ಎಂದು ಕೇಳಲು ಬಂದಿದ್ದಳು.

ಒಳಗೆ ಶಿವನಂಜು ಎಂಬ ಮಳವಳ್ಳಿ ಕಡೆಯ ನಿರ್ದೇಶಕನ ಚಿತ್ರಕ್ಕೆ ಸದ್ದು ಜೋಡಿಸುತ್ತಿದ್ದರು. ಅವನದು ಮೊದಲ ಚಿತ್ರ. ಜೀತದಾಳಿನ ಕಾಲನ್ನು ಧಣಿ ಮುರಿಸುವ ದೃಶ್ಯ. ಫಕೀರವ್ವ ಬಾಗಿಲು ತಳ್ಳಿ ಒಳಗೆ ಬಂದದ್ದಕ್ಕೂ ಪರದೆಯಲ್ಲಿ ದೊಣ್ಣೆ ಕೆಳಗಿಳಿದದ್ದಕ್ಕೂ ಸರಿಹೋಯಿತು.

ಲಟಕ್.

ಅವಳು ಅಲ್ಲೇ ನಿಂತಳು.

“ಇನ್ನೊಮ್ಮೆ ಹಾಕ್ರಿ.”

ಎಲ್ಲರೂ ತಿರುಗಿದರು. “ಓ, ಫಕೀರಮ್ಮ! ಬನ್ನಿ ಬನ್ನಿ, ಹೇಗಿದ್ದೀರ? ಆಫೀಸಲ್ಲಿ ಕೂತಿರಿ, ಬರ್ತೀನಿ,” ಎಂದ ಜಯತೀರ್ಥ.

“ಅದು ನಂದು.”

“ಯಾವ್ದಮ್ಮಾ?” ಎಂದ ಶಿವನಂಜು. ಅವನಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ.

“ಈಗ ಕೇಳಿದ್ರಲ್ಲ, ಆ ಮುರತ. ಅದು ನನ್ನ ಮಣಕಾಲು.” ಕೋಲಿನಿಂದ ಕಡಪ ಕಲ್ಲಿನ ಚೌಕ ತೋರಿಸಿದಳು. “ಅಲ್ಲೆ ಮುರದದ್ದು. ಹನ್ನೊಂದನೇ ಸಲ ಹಾರಿದಾಗ.”

ಜಯತೀರ್ಥ ನಗಲು ನೋಡಿದ. “ಏನೇನೋ ಅಂತಾರೆ ಶಿವನಂಜು, ಪಾಪ, ಆವತ್ತಿಂದ ಮನಸ್ಸಿಗೆ... ಅದು ಹೊರಗಿಂದ ತರಿಸಿದ್ದು. ಫಾರಿನ್ ಸೌಂಡ್ ಲೈಬ್ರರಿ.”

ಫಕೀರವ್ವ ಅವನ ಕಡೆ ನೋಡಲೂ ಇಲ್ಲ. ಯಂತ್ರದ ಮುಂದೆ ತಲೆ ತಗ್ಗಿಸಿ ಕೂತಿದ್ದವನ ಹತ್ತಿರ ಹೋದಳು.

“ಮರಿಸ್ವಾಮಿ, ನನ್ನ ಮಾರಿ ನೋಡು. ಅವತ್ತ ನೀನೇ ಇದ್ದಿ. ಮುಂದಿಂದು ಕೊಯ್ದೀರಿ. ಪೂರ್ತಿ ಹಾಕು.”

“ಮರಿಸ್ವಾಮಿ, ಕೆಲಸ ಮುಂದುವರಿಸು,” ಎಂದ ಜಯತೀರ್ಥ. ಈಗ ದನಿಯಲ್ಲಿ ನಗು ಇರಲಿಲ್ಲ.

ಮರಿಸ್ವಾಮಿಯ ಕಾಲು ನನಗೆ ಕಾಣುತ್ತಿತ್ತು. ಎರಡೂ ಪಾದ ಕುರ್ಚಿಯ ಕೆಳಗೆ ಒಂದರ ಮೇಲೊಂದು ಹೆಣೆದುಕೊಂಡಿದ್ದವು. ನಿಧಾನವಾಗಿ ಬಿಡಿಸಿಕೊಂಡವು. ನೆಲಕ್ಕೆ ಊರಿದವು. ಅವನು ಏನನ್ನೋ ಹುಡುಕಿ, ಗುಂಡಿ ಒತ್ತಿದ.

ಮೊದಲು ನನ್ನ ಲಾಳ ಕಲ್ಲಿಗೆ ಬಡಿದ ಸದ್ದು. ಆಮೇಲೆ ಮುರಿತ. ಆಮೇಲೆ ಆ ದೊಡ್ಡ ಸ್ಪೀಕರುಗಳಿಂದ, ಕೋಣೆ ತುಂಬುವ ಹಾಗೆ, ‘ಯವ್ವಾ’. ಅದರ ಬೆನ್ನಿಗೇ, ಸ್ಪಷ್ಟವಾಗಿ, ‘ನಿಲ್ಲಿಸ್ಬೇಡ ಮರಿಸ್ವಾಮಿ. ಓಡ್ಲಿ, ಓಡ್ಲಿ.’

ಫಕೀರವ್ವನ ದನಿ ಮೊದಲು ಸಣ್ಣದಾಗಿತ್ತು, ಹೋಗುತ್ತ ಹೋಗುತ್ತ ಏರಿತು.

“ಒಂದು ಮೂಲಂಗಿ ತರಸಿದ್ರ ಸಾಕಾಗಿತ್ತಲ್ಲೋ! ಮೂಲಂಗಿ! ಕುಂತು ಮುರದು ಕೊಡತಿದ್ನಿ. ಇದಕ್ಕಿಂತ ಛಂದ ಕೊಡತಿದ್ನಿ. ನನ್ನ ಹೆಸರ ಬ್ಯಾಡಾಗಿತ್ತು ನಿನಗ, ಕೊಡಲಿಲ್ಲ, ಹೋಗ್ಲಿ ಅಂದ್ನಿ. ನನ್ನ ಹೆಜ್ಜಿ ಇಟಗೊಂಡಿ, ಹೋಗ್ಲಿ ಅಂದ್ನಿ. ನನ್ನ ಎಲುವು ಮುರದದ್ದನ್ನೂ ಡಬ್ಬ್ಯಾಗ ಹಾಕಿ ಇಟಗೊಂಡಿಯೇನೋ? ನಾ ಚೀರಿದ್ದು ನಿನಗ ಕಸ, ಮುರದದ್ದು ಅಷ್ಟ ಕೆಲಸಕ್ಕ ಬಂತು?”

ಹದಿನೇಳು ವರ್ಷ ‘ಸಾಹೇಬ್ರ’ ಎಂದವಳು ಏಕವಚನಕ್ಕೆ ಇಳಿದದ್ದನ್ನು ನಾನು ಮೊದಲ ಬಾರಿ ಕೇಳಿದೆ. ಜಯತೀರ್ಥನ ಕಾಲು ನೆಲ ತಟ್ಟುವುದನ್ನು ನಿಲ್ಲಿಸಿತ್ತು.

ಶಿವನಂಜು ಎದ್ದ. “ತಗೀರಿ ಅದ್ನ ನನ್ ಪಿಚ್ಚರ್‌ನಿಂದ. ಜೀತದೋನ್ ಕಾಲ್ ಮುರ್ದಿದ್ದು ತಪ್ಪು ಅಂತ ಪಿಚ್ಚರ್ ಮಾಡಿವ್ನಿ. ಅದ್ಕೆ ಈ ಯಮ್ಮನ್ ಕಾಲೇ ಬೇಕಾಗಿತ್ತಾ ನಿಮ್ಗೆ?” ಎಂದು, ತನ್ನ ಚಿತ್ರದ ಡಬ್ಬಿಗಳನ್ನು ತಾನೇ ಎತ್ತಿಕೊಳ್ಳತೊಡಗಿದ.

ಫಕೀರವ್ವ ರ್‍ಯಾಕಿನ ಹತ್ತಿರ ಬಂದು ನನ್ನನ್ನು ತೆಗೆದುಕೊಂಡಳು.

“ಅದು ಸ್ಟುಡಿಯೋ ಪ್ರಾಪರ್ಟಿ,” ಎಂದ ಜಯತೀರ್ಥ. ಆಗಲೂ ಅವನಿಗೆ ಹೇಳಲು ಹೊಳೆದದ್ದು ಅದೊಂದೇ.

“ಬಜಾರದಾಗಿಂದ ನಾ ತಂದದ್ದು. ನಾ ಇಲ್ಲೆ ಬಿಟ್ಟು ಹೋಗಾಕತ್ತಿದ್ದು ನನ್ನ ಮಣಕಾಲಷ್ಟ,” ಎಂದು ಅವಳು ಮೆಟ್ಟಿಲು ಹತ್ತಿದಳು. ಹಿಂದೆ ಮರಿಸ್ವಾಮಿಯೂ ಬಂದ. ಅವನಿಗೆ ಆ ಸ್ಟುಡಿಯೋದಲ್ಲಿ ಅಂದೇ ಕೊನೆಯ ದಿನ. ಗೇಟಿನ ಹತ್ತಿರ, “ತಪ್ಪಾಯ್ತಕ್ಕ. ಎರಡು ವರ್ಷದಿಂದ ಆ ಗುಂಡಿ ಒತ್ತಿದ್ದು ನಾನೇ,” ಎಂದ. ಅವಳು ಸಮಾಧಾನದ ಮಾತೇನೂ ಆಡಲಿಲ್ಲ. “ಹೌದು, ನೀನೇ,” ಎಂದಳು. ಸ್ವಲ್ಪ ದೂರ ಹೋದ ಮೇಲೆ, “ಇವತ್ತ ಒತ್ತಿದ್ದೂ ನೀನೇ,” ಎಂದಳು.

ಶಿವನಂಜುವಿನ ಚಿತ್ರದ ಸದ್ದನ್ನೆಲ್ಲ ಬೇರೊಂದು ಪುಟ್ಟ ಸ್ಟುಡಿಯೋದಲ್ಲಿ ಫಕೀರವ್ವನೇ ಮಾಡಿದಳು. ಕೆಲಸ ಶುರುವಾಗುವ ಮೊದಲೇ ಹೇಳಿಬಿಟ್ಟಳು: “ಮದ್ಲ ಹೆಸರ ಬರಕೊಳ್ರಿ. ಆಮ್ಯಾಲ ಹೆಜ್ಜಿ.” ಕಾಲಲ್ಲಿ ನಡೆಯಲಾಗುತ್ತಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿ ಕೂತು, ಬಲಗಾಲನ್ನು ಉದ್ದಕ್ಕೆ ಚಾಚಿ, ನನ್ನನ್ನು ಎರಡೂ ಕೈಗೆ ತೊಟ್ಟಳು. ಪರದೆಯ ಮೇಲಿನ ಹೆಗಲು ನೋಡುತ್ತ ಕೈಯಲ್ಲಿ ನಡೆದಳು. ಮೊದಲ ದಿನ ಅವಳ ಮಣಿಕಟ್ಟು ಬಾತುಕೊಂಡಿತು. ಮೂರನೇ ದಿನಕ್ಕೆ ಧಣಿಯ ಹೆಜ್ಜೆ ಕೂತಿತು. ಹಿಮ್ಮಡಿಯ ತೂಕ ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಅವಳು ನಡೆಯುತ್ತಿದ್ದುದು ಜಯತೀರ್ಥನ ನಡಿಗೆ. ಜೀತದಾಳಿನ ಕಾಲು ಮುರಿಯಲು ಮೂರು ಮೂಲಂಗಿ ಬೇಕಾದವು. ಮೂರನೆಯದು ಮುರಿದಾಗ ಶಿವನಂಜು ಮುಖ ಮುಚ್ಚಿಕೊಂಡ.

ಚಿತ್ರ ನಾಲ್ಕು ದಿನ ಓಡಿತು. ಫಕೀರವ್ವ ನನ್ನನ್ನು ಚೀಲದಲ್ಲಿಟ್ಟುಕೊಂಡು ಎರಡನೇ ದಿನ ಮಧ್ಯಾಹ್ನದ ಆಟಕ್ಕೆ ಹೋದಳು. ‘ಸದ್ದು: ಫಕೀರವ್ವ ಯಲ್ಲಪ್ಪ ಮುಳಗುಂದ’ ಎಂದು ಬಂತು. ಬಂದದ್ದು ಹೋಯಿತು. ಅಷ್ಟರಲ್ಲಿ ಎದುರಿನ ಸಾಲಿನಲ್ಲಿ ಒಬ್ಬ ಎದ್ದು ತನ್ನ ಕುರ್ಚಿ ಬದಲಾಯಿಸಿದ, ಹೆಸರಿನ ಅರ್ಧ ಅವನ ತಲೆಯ ಹಿಂದೆ ಹೋಯಿತು. “ಕುಂದ್ರಲೇ!” ಎಂದು ಅವಳು ಕೂಗಿದ್ದಕ್ಕೆ ಪಕ್ಕದವರು ಶ್‌ ಎಂದರು.

ನನಗೀಗ ಐವತ್ತು ದಾಟಿದೆ. ಅಟ್ಟೆ ಸೀಳಿದೆ, ಮೂತಿ ಬಿರಿದಿದೆ. ಶ್ರೀರಾಮಪುರದ ಅದೇ ಕೋಣೆಯಲ್ಲಿ, ಕಿಟಕಿಯ ಕೆಳಗೆ ಒಂದು ಮಣೆಯ ಮೇಲೆ ಇದ್ದೇನೆ. ಫಕೀರವ್ವನಿಗೆ ಅರವತ್ತೆಂಟು. ಮರಿಸ್ವಾಮಿ ಎಲ್ಲಿಂದಲಾದರೂ ಒಂದೊಂದು ಸಣ್ಣ ಕೆಲಸ ತರುತ್ತಾನೆ, ಕೋಣೆಯಲ್ಲೇ ಮೈಕು ಇಟ್ಟು ಮಾಡುತ್ತಾರೆ. ಪ್ರತಿಸಲವೂ ಮೊದಲು ಹೆಸರು.

ಹೋದ ತಿಂಗಳು ಸುಸ್ವರದಿಂದ ಒಬ್ಬ ಅಚ್ಚುಕಟ್ಟಾದ ಮನುಷ್ಯ ಬಂದಿದ್ದ. ಸ್ಟುಡಿಯೋಕ್ಕೆ ಐವತ್ತು ವರ್ಷವಂತೆ. ಹೊಸ ಕಟ್ಟಡದ ಹಜಾರದಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿದ್ದಾರಂತೆ. ತೇಜಸ್ವರೂಪ್ ನಡಿಗೆಯ ಬೂಟು ಅದರಲ್ಲಿ ಇರಬೇಕಂತೆ.

“ಒಯ್ರಿ. ಎರಡು ಮಾತು ನಡಸಿಕೊಡ್ರಿ. ಒಂದು, ಕೆಳಗ ನನ್ನ ಹೆಸರ ಇರಬೇಕು. ಇನ್ನೊಂದು, ನನ್ನ ಮಣಕಾಲಿನ ಸಪ್ಪಳ ಅಳಸಬೇಕು,” ಎಂದಳು ಫಕೀರವ್ವ.

ಆತ ಅಲ್ಲಿಂದಲೇ ಫೋನ್ ಮಾಡಿದ. ಜಯತೀರ್ಥನ ಮುದಿ ದನಿ ಕೋಣೆಗೆಲ್ಲ ಕೇಳಿತು. “ಹೆಸರು ಹಾಕೋಣ, ಅದಕ್ಕೇನು. ಆ ಸೌಂಡು ಮಾತ್ರ... ಅದು ಈಗ ನಮ್ಮ ಕೈಲಿಲ್ಲವಲ್ಲ ಫಕೀರಮ್ಮ. ಎಲ್ಲೆಲ್ಲೋ ಹೋಗಿದೆ. ಟೀವಿ ಸೀರಿಯಲ್‌ನೋರು ಇಟ್ಕೊಂಡಿದಾರೆ, ಗೇಮ್ ಮಾಡೋರು ಇಟ್ಕೊಂಡಿದಾರೆ. ಯಾರನ್ನ ಅಂತ ಕೇಳೋದು? ಈ ವಯಸ್ಸಲ್ಲಿ ಇನ್ನೂ ಯಾಕೆ ಸಿಟ್ಟು? ಬಿಟ್ಟುಬಿಡಿ.”

ಫಕೀರವ್ವ ಫೋನಿನತ್ತ ಬಾಗಿದಳು. “ಸಿಟ್ಟು ನಂದು. ಅದನ್ನೂ ಬಿಟ್ಟು ಕೊಡು ಅಂತೀಯೇನು?” ಎಂದಳು. ಆಮೇಲೆ ಆ ಮನುಷ್ಯನಿಗೆ ಕುಡಿಯಲು ನೀರು ಕೊಟ್ಟು, ಅವನು ಕುಡಿದ ಮೇಲೆ ಬಾಗಿಲು ತೋರಿಸಿದಳು.

ನನ್ನ ಬದುಕು ಇಷ್ಟು. ನಾನು ಗಾಜಿನ ಪೆಟ್ಟಿಗೆಗೆ ಹೋಗಲಿಲ್ಲ, ಅದರ ಬಗ್ಗೆ ನನಗೆ ದುಃಖವಿಲ್ಲ. ಆದರೆ ನೀವು ಟೀವಿಯ ಮುಂದೆ ಕೂತಿರುತ್ತೀರಿ, ಟಾಕೀಸಿನಲ್ಲಿ ಕೂತಿರುತ್ತೀರಿ. ಯಾರದೋ ತೋಳು ತಿರುಚಿದಾಗ ಲಟಕ್ಕೆನ್ನುವ ಚೊಕ್ಕ ಸದ್ದೊಂದು ಕೇಳುತ್ತದೆ, ನಿಮಗೆ ಶಿಳ್ಳೆ ಹಾಕಬೇಕೆನಿಸುತ್ತದೆ. ಹಾಕಬೇಡಿ. ಅವಳು ಚೀರಿದ್ದನ್ನು ನಿಮಗೆ ಕೇಳಿಸದ ಹಾಗೆ ಕತ್ತರಿಸಿದ್ದಾರೆ. ನನಗೆ ಇನ್ನೂ ಕೇಳುತ್ತಿದೆ.